ಕಲ್ಲಿನ ಸೇತುವೆಯಲ್ಲಿ ಕಲ್ಲಲ್ಲದ ಕಮಾನು

ಓದುಗರ ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ವಾಷಿಂಗ್ಟನ್‌ನಲ್ಲಿ ಲಿಂಕನ್ ಸ್ಮಾರಕದ ಹಿಂದಿರುವ ಆರ್ಲಿಂಗ್ಟನ್ ಮೆಮೋರಿಯಲ್ ಬ್ರಿಜ್ ಮೇಲೆ ನಡೆದು ಆಚೆ ದಡದ ಸೈನಿಕರ ಸ್ಮಶಾನಕ್ಕೆ ಹೋಗಿಬಂದೆವು. ಹೆಸರಿನಲ್ಲಿ 'ಮೆಮೋರಿಯಲ್' ಇದೆ, ಆದರೆ ಯಾರ ಸ್ಮಾರಕ ಅಂತ ಎಲ್ಲೂ ಗೊತ್ತಾಗಲಿಲ್ಲ. ಇನ್ನೊಂದು ಸಂಶಯ: ವಾಪಸು ಬರುವಾಗ ನದಿ ದಂಡೆಯಿಂದ ನೋಡಿದರೆ ನಡುವಿನ ಕಮಾನು ಮಾತ್ರ ಉಳಿದವುಗಳಿಗಿಂತ ಬೇರೆ ಥರ ಕಂಡಿತು. ಅಳಿಯ 'ಎಲ್ಲಾ ಒಂದೇ ಕಲ್ಲು ಮಾವ, ಬಿಸಿಲಿಗೆ ಹಾಗೆ ಕಾಣುತ್ತೆ' ಅಂದರು. ನಿಜವೇ?

ಉತ್ತರ: ಎರಡನೆಯದನ್ನು ಮೊದಲು ಮುಗಿಸುತ್ತೇನೆ, ಯಾಕೆಂದರೆ ನಿಮ್ಮ ಅಳಿಯನ ಜೊತೆಗಿನ ಈ ವಾದದಲ್ಲಿ ನೀವು ಗೆದ್ದಿದ್ದೀರಿ. ನಡುವಿನ ಕಮಾನು ಕಲ್ಲಲ್ಲ. ಅಷ್ಟೇ ಅಲ್ಲ, ಅದು ಕಮಾನೂ ಅಲ್ಲ. ಒಳಗೆ ನೇರವಾದ ಉಕ್ಕಿನ ಗರ್ಡರುಗಳಿವೆ. ಹೊರಗೆ ಕಮಾನಿನ ಆಕಾರಕ್ಕೆ ಒತ್ತಿ ಮಾಡಿದ ಲೋಹದ ತಗಡಿನ ಮುಖವಾಡ, ಅದಕ್ಕೆ ಗ್ರಾನೈಟಿನ ಬಣ್ಣ. ಪಕ್ಕದ ಎಂಟು ಕಮಾನುಗಳಾದರೂ ಪೂರ್ತಿ ಕಲ್ಲೇ ಅಂದುಕೊಳ್ಳಬೇಡಿ. ಅವು ಆರ್‌ಸಿಸಿ ಕಮಾನುಗಳು, ಮೇಲೆ ಗ್ರಾನೈಟಿನ ಹೊದಿಕೆ. ಅಂದರೆ ಎಂಟು ಕಡೆ ನಿಜವಾದ ಕಲ್ಲಿನ ಅಂಗಿ, ಒಂದು ಕಡೆ ಕಲ್ಲಿನ ಹಾಗೆ ಕಾಣುವ ಅಂಗಿ.

ಇದನ್ನು ಮೋಸ ಅಂತ ಕರೆಯುವವರಿದ್ದಾರೆ. ನಾನು ಕರೆಯುವುದಿಲ್ಲ. ಆದರೆ ಇಷ್ಟು ಶ್ರದ್ಧೆಯಿಂದ ಇಷ್ಟು ದೊಡ್ಡ ವೇಷ ಯಾಕೆ ಹಾಕಿದರು ಅನ್ನುವುದು ತಿಳಿದರೆ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಕಥೆ ಸೇತುವೆಗಿಂತ 80 ವರ್ಷ ಹಳೆಯದು. 1851ರ ಜುಲೈ 4ರಂದು ಅಮೆರಿಕದ ಸಂಸತ್ ಭವನವಾದ ಕ್ಯಾಪಿಟಲ್‌ನ ವಿಸ್ತರಣೆಗೆ ಅಡಿಗಲ್ಲು ಹಾಕಿದಾಗ ಆಗಿನ ವಿದೇಶಾಂಗ ಸಚಿವ ಡೇನಿಯಲ್ ವೆಬ್‌ಸ್ಟರ್ ಒಂದು ಭಾಷಣ ಮಾಡಿದರು. ಅದರಲ್ಲಿ ಹಿಂದಿನ ಅಧ್ಯಕ್ಷರೊಬ್ಬರ ಆಸೆಯ ಪ್ರಸ್ತಾಪ ಬರುತ್ತದೆ. ಪೊಟೋಮ್ಯಾಕ್ ನದಿಗೆ ಎಂದೂ ಅಳಿಯದ ಗ್ರಾನೈಟ್ ಕಮಾನುಗಳ ಸೇತುವೆ ಕಟ್ಟಬೇಕು, ಅದು ಉತ್ತರ ಮತ್ತು ದಕ್ಷಿಣ ರಾಜ್ಯಗಳ ಒಗ್ಗಟ್ಟಿನ ಗುರುತಾಗಬೇಕು ಅನ್ನುವುದು ಆ ಆಸೆ. ಆ ಅಧ್ಯಕ್ಷ ಆಂಡ್ರೂ ಜಾಕ್ಸನ್ ಅಂತ ವೆಬ್‌ಸ್ಟರ್ ಹೆಸರು ಹಿಡಿದೇ ಹೇಳಿದರು. 'ಗ್ರಾನೈಟ್ ಕಮಾನು' ಅನ್ನುವ ಪದಗಳನ್ನು ನೆನಪಿಟ್ಟುಕೊಳ್ಳಿ. ಒಂದು ಶತಮಾನದ ಕಾಲ ಈ ಸೇತುವೆಯನ್ನು ಕಾಡಿದ್ದು ಅವೇ.

ಆ ಭಾಷಣವಾಗಿ ಹತ್ತು ವರ್ಷಕ್ಕೆ ಒಗ್ಗಟ್ಟು ಮುರಿದುಬಿತ್ತು. 1861ರಲ್ಲಿ ಅಂತರ್ಯುದ್ಧ ಶುರುವಾಯಿತು; ಈ ನದಿಯೇ ಗಡಿ. ಈಚೆ ದಡದಲ್ಲಿ ಒಕ್ಕೂಟದ ರಾಜಧಾನಿ, ಆಚೆ ದಡದಲ್ಲಿ ಒಕ್ಕೂಟ ಬಿಟ್ಟು ಹೋದ ವರ್ಜೀನಿಯಾ. ಆಚೆ ಗುಡ್ಡದ ಮೇಲೆ ದಪ್ಪ ಕಂಬಗಳ ಮುಖಮಂಟಪ ಇರುವ ಮನೆಯೊಂದನ್ನು ನೀವು ನೋಡಿರಬೇಕು, ಸೇತುವೆ ಮೇಲೆ ನಡೆಯುವಾಗ ಎದುರಿಗೇ ಕಾಣುತ್ತದೆ. ಅದು ಆರ್ಲಿಂಗ್ಟನ್ ಹೌಸ್, ಮುಂದೆ ದಕ್ಷಿಣದ ಸೇನಾಪತಿಯಾದ ರಾಬರ್ಟ್ ಲೀ ತನ್ನ ಹೆಂಡತಿ ಕಡೆಯ ಆಸ್ತಿಯಲ್ಲಿ ವಾಸವಾಗಿದ್ದ ಮನೆ. ಲೀ ದಕ್ಷಿಣದ ಸೇನೆ ಸೇರಿದ ಮೇಲೆ ಒಕ್ಕೂಟದ ಸೈನ್ಯ ಆ ಜಾಗ ಹಿಡಿದುಕೊಂಡಿತು. 1864ರಲ್ಲಿ ಅಲ್ಲಿ ಸೈನಿಕರನ್ನು ಹೂಳತೊಡಗಿದರು. ಸೈನ್ಯದ ಸರಬರಾಜು ಮುಖ್ಯಸ್ಥ ಮಾಂಟ್‌ಗೊಮರಿ ಮೀಗ್ಸ್ ಮನೆಯ ಹೂದೋಟದ ಅಂಚಿಗೇ ಸಮಾಧಿ ಬರುವಂತೆ ನೋಡಿಕೊಂಡರು, ಲೀ ಕುಟುಂಬ ಮತ್ತೆ ಅಲ್ಲಿಗೆ ಬಂದು ನೆಲೆಸಬಾರದು ಅಂತ. ನೀವು ನೋಡಿಬಂದ ರಾಷ್ಟ್ರೀಯ ಸ್ಮಶಾನ ಹುಟ್ಟಿದ್ದು ಹೀಗೆ, ಗೌರವ ಮತ್ತು ಸೇಡು ಎರಡೂ ಬೆರೆತು.

ಈಗ ನಕ್ಷೆಯ ಮೇಲೆ ಸೇತುವೆಯನ್ನು ನೋಡಿ. ಕ್ಯಾಪಿಟಲ್, ವಾಷಿಂಗ್ಟನ್ ಸ್ತಂಭ, ಲಿಂಕನ್ ಸ್ಮಾರಕ ಈ ಮೂರೂ ಒಂದೇ ಗೆರೆಯಲ್ಲಿವೆ. ಲಿಂಕನ್ ಬೆನ್ನ ಹಿಂದೆ ಆ ಗೆರೆ ಎಡಕ್ಕೆ ತಿರುಗಿ ನೈಋತ್ಯದ ಕಡೆ ನದಿ ದಾಟಿ ಹೋಗುತ್ತದೆ, ಆಚೆ ನೇರವಾಗಿ ಲೀ ಮನೆಯ ಕಂಬಗಳಿಗೆ ಗುರಿ ಇಟ್ಟಂತೆ. ಸೇತುವೆಗೆ ಯಾರೊಬ್ಬರ ಹೆಸರೂ ಇಲ್ಲದಿರುವುದಕ್ಕೆ ಕಾರಣ ಇದು. ಒಂದು ತುದಿಯಲ್ಲಿ ಲಿಂಕನ್, ಇನ್ನೊಂದು ತುದಿಯಲ್ಲಿ ಲೀ; ನಡುವೆ ಎಳೆದ ಗೆರೆಯೇ ಸ್ಮಾರಕ. ಯುದ್ಧದ ಎರಡು ಪಕ್ಷಗಳು ಮತ್ತೆ ಕೂಡಿದ್ದರ ಸ್ಮಾರಕ ಅನ್ನುವುದು ಕಟ್ಟಿದವರ ಉದ್ದೇಶ. ಆಚೆ ಮಲಗಿರುವ ಸೈನಿಕರ ನೆನಪೂ ಅದರಲ್ಲಿ ಸೇರಿಕೊಂಡಿದೆ.

ಇಲ್ಲಿ ಒಂದು ಮಾತು ಸೇರಿಸದೆ ಮುಂದೆ ಹೋಗಲಾರೆ. ಆ ಆಸ್ತಿಯಲ್ಲಿ ದುಡಿದವರು ಗುಲಾಮರು. ಯುದ್ಧದ ನಡುವೆ, 1863ರಲ್ಲಿ, ಬಿಡುಗಡೆಯಾದ ಕಪ್ಪು ಜನರಿಗಾಗಿ ಅದೇ ನೆಲದಲ್ಲಿ 'ಫ್ರೀಡ್‌ಮನ್ಸ್ ವಿಲೇಜ್' ಅನ್ನುವ ಊರು ಕಟ್ಟಿದ್ದರು. ಮನೆ, ಶಾಲೆ ಎಲ್ಲ ಇದ್ದ ಆ ಊರನ್ನು 1900ರ ಹೊತ್ತಿಗೆ ಸರ್ಕಾರ ಎತ್ತಂಗಡಿ ಮಾಡಿತು. ಸೇತುವೆ ಒಂದುಗೂಡಿಸಿದ್ದು ಉತ್ತರದ ಬಿಳಿಯರನ್ನೂ ದಕ್ಷಿಣದ ಬಿಳಿಯರನ್ನೂ. ಜಗಳ ಯಾರಿಗಾಗಿ ಆಗಿತ್ತೋ ಅವರು ಆ ಗೆರೆಯ ಮೇಲೆ ಎಲ್ಲೂ ಇಲ್ಲ. 1922ರಲ್ಲಿ ಲಿಂಕನ್ ಸ್ಮಾರಕದ ಉದ್ಘಾಟನೆಗೆ ಬಂದ ಕಪ್ಪು ಜನರನ್ನೂ ಬೇರೆಯಾಗಿಯೇ ಕೂರಿಸಿದ್ದರು.

ಇನ್ನು ಕಟ್ಟಿದ ಕಥೆ. 1880ರ ದಶಕದಲ್ಲಿ ಸಂಸತ್ತು ಮತ್ತೆ ವಿಷಯ ಎತ್ತಿತು. ಆಗ ಲೈಬ್ರರಿ ಆಫ್ ಕಾಂಗ್ರೆಸ್ ಕಟ್ಟಡದ ವಾಸ್ತುಶಿಲ್ಪಿಗಳಾದ ಸ್ಮಿತ್‌ಮೇಯರ್ ಮತ್ತು ಪೆಲ್ಜ್ ಕಡೆಯಿಂದ, ಅಂತರ್ಯುದ್ಧದಲ್ಲಿ ಉತ್ತರದ ಸೇನಾಪತಿಯಾಗಿದ್ದ ಜನರಲ್ ಗ್ರಾಂಟ್ ಹೆಸರಿನಲ್ಲಿ ಒಂದು ವಿನ್ಯಾಸ ಬಂತು, ಕೋಟೆಯಂತೆ ಬುರುಜುಗಳಿರುವ ಸೇತುವೆ. 1900ರ ಸ್ಪರ್ಧೆಯಲ್ಲಿ ಎಂಜಿನಿಯರ್ ವಿಲಿಯಂ ಬರ್ ಮತ್ತು ವಾಸ್ತುಶಿಲ್ಪಿ ಎಡ್ವರ್ಡ್ ಕೇಸಿ ಗೆದ್ದರು, ಅದರಲ್ಲೂ ನದಿ ನಡುವೆ ಭಾರೀ ಗೋಪುರಗಳು. ಯಾವುದೂ ಆಗಲಿಲ್ಲ. ಆಗದಿದ್ದದ್ದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಆ ಚಿತ್ರಗಳನ್ನು ನೋಡಿದರೆ ಸೇತುವೆ ಹೊಗಬೇಕಾದರೆ ಸುಂಕ ಕೊಡಬೇಕೇನೋ ಅನ್ನಿಸುತ್ತದೆ.

ದಿಕ್ಕು ಬದಲಿಸಿದ್ದು ನಗರದ ಕೇಂದ್ರವನ್ನು ಹೊಸದಾಗಿ ರೂಪಿಸಲು ನೇಮಿಸಿದ ಮೆಕ್‌ಮಿಲನ್ ಆಯೋಗ. 1902ರ ವರದಿಯಲ್ಲಿ ಅವರು ಲಿಂಕನ್ ಸ್ಮಾರಕದ ಜಾಗ, ಆಚೆ ಗುಡ್ಡ, ನಡುವೆ ಒಂದು ತಗ್ಗಾದ ಸೇತುವೆ ಅಂತ ಯೋಚಿಸಿದರು. ತಗ್ಗಾಗಿರಲೇಬೇಕು, ಯಾಕೆಂದರೆ ಅದು ಲಿಂಕನ್ ಸ್ಮಾರಕವನ್ನು ಮರೆಮಾಡಬಾರದು. 1913ರಲ್ಲಿ ಸೇತುವೆಗೆಂದು ಒಂದು ಆಯೋಗವನ್ನೂ ರಚಿಸಿದರು, ದುಡ್ಡು ಕೊಡಲಿಲ್ಲ. ಆಮೇಲೆ ಮಹಾಯುದ್ಧ.

ಕೊನೆಗೂ ದುಡ್ಡು ಬಿಡುಗಡೆಯಾಗಲು ಕಾರಣ ರಾಷ್ಟ್ರೀಯ ಐಕ್ಯ ಅಲ್ಲ, ಟ್ರಾಫಿಕ್ ಜಾಮ್! 1921ರ ನವೆಂಬರ್ 11ರಂದು ಆರ್ಲಿಂಗ್ಟನ್‌ನಲ್ಲಿ ಅಜ್ಞಾತ ಸೈನಿಕನ ಅಂತ್ಯಕ್ರಿಯೆ ಇತ್ತು. ಆಗ ನದಿ ದಾಟಲು ಕೆಳಗಡೆ ಇದ್ದ ಹಳೆಯ ಸೇತುವೆಗೆ ಇಡೀ ಊರಿನ ಕಾರುಗಳು ನುಗ್ಗಿದವು. ಅಧ್ಯಕ್ಷ ಹಾರ್ಡಿಂಗ್ ಅವರ ಕಾರೂ ಆ ಗೊಂದಲದಲ್ಲಿ ಸಿಕ್ಕಿಬಿತ್ತು. ಮರುವರ್ಷವೇ ಸಂಸತ್ತು ಅಧ್ಯಯನಕ್ಕೆ 25,000 ಡಾಲರ್ ಮಂಜೂರು ಮಾಡಿತು. 1925ರ ಫೆಬ್ರುವರಿಯಲ್ಲಿ ನಿರ್ಮಾಣಕ್ಕೆ 1 ಕೋಟಿ 47.5 ಲಕ್ಷ ಡಾಲರ್‌ಗೆ ಒಪ್ಪಿಗೆ ಸಿಕ್ಕಿತು. 70 ವರ್ಷದ ಭಾಷಣಗಳಿಂದ ಆಗದ್ದನ್ನು ಒಂದು ಮಧ್ಯಾಹ್ನದ ಹಾರ್ನ್ ಸದ್ದು ಮಾಡಿಸಿತು.

ವಿನ್ಯಾಸದ ಹೊಣೆ ಮೆಕಿಮ್, ಮೀಡ್ ಅಂಡ್ ವೈಟ್ ಸಂಸ್ಥೆಯ ವಿಲಿಯಂ ಮಿಚೆಲ್ ಕೆಂಡಲ್ ಅವರದು. ಎಂಜಿನಿಯರ್ ಜಾನ್ ನೇಗಲ್. ಕೆಲಸದ ಮೇಲ್ವಿಚಾರಣೆಗೆ ಸೈನ್ಯದ ಅಧಿಕಾರಿಯೊಬ್ಬರು ಬಂದರು, ಹೆಸರು ಮೂರನೆಯ ಯೂಲಿಸಿಸ್ ಗ್ರಾಂಟ್. ಹೌದು, ಲೀಯನ್ನು ಸೋಲಿಸಿದ ಜನರಲ್ ಗ್ರಾಂಟ್ ಅವರ ಮೊಮ್ಮಗ. ತಾತ ಸೋಲಿಸಿದವನ ಮನೆ ಬಾಗಿಲಿಗೆ ಮೊಮ್ಮಗ ರಸ್ತೆ ಹಾಕಿದ. ಹೊದಿಕೆಯ ಗ್ರಾನೈಟ್ ಬಂದದ್ದೂ ದಕ್ಷಿಣದ ರಾಜ್ಯದಿಂದಲೇ, ಉತ್ತರ ಕ್ಯಾರೊಲಿನಾದ ಮೌಂಟ್ ಏರಿ ಗಣಿಯಿಂದ.

ಈಗ ನಿಮ್ಮ ನಡುವಿನ ಕಮಾನಿಗೆ ಬರೋಣ. ತೊಡಕು ಹೀಗಿತ್ತು. ಸೇತುವೆ ತಗ್ಗಾಗಿರಬೇಕು ಅನ್ನುವುದು ಕಣ್ಣಿನ ಬೇಡಿಕೆ. ಆದರೆ ನದಿಯ ಮೇಲ್ಭಾಗದಲ್ಲಿ ಜಾರ್ಜ್‌ಟೌನ್ ಅನ್ನುವ ಹಳೆಯ ಬಂದರಿದೆ, ಅಲ್ಲಿಗೆ ಹಡಗು ಹೋಗಬೇಕು. ತಗ್ಗು ಸೇತುವೆಯ ಕೆಳಗೆ ಹಡಗು ನುಸುಳುವುದಿಲ್ಲ. ಹಾಗಾಗಿ ಒಂದು ಭಾಗ ಬಾಯಿ ತೆರೆಯಲೇಬೇಕು. ಆದರೆ ಎತ್ತುವ ಸೇತುವೆ ಅಂದರೆ ಗೋಪುರ, ಸರಪಳಿ, ಹಲ್ಲುಚಕ್ರ, ಕಾರ್ಖಾನೆಯ ನೋಟ. ಲಿಂಕನ್ ಪಕ್ಕದಲ್ಲಿ ಕಾರ್ಖಾನೆಯೇ?

ಪರಿಹಾರ ಕೊಟ್ಟದ್ದು ಜೋಸೆಫ್ ಸ್ಟ್ರಾಸ್ ಅವರ ಸಂಸ್ಥೆ. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಮುಖ್ಯ ಎಂಜಿನಿಯರ್ ಆದವರು ಇವರೇ. 'ಬ್ಯಾಸ್ಕ್ಯೂಲ್' ಅನ್ನುವ ಬಗೆಯ ಸೇತುವೆ ಅವರ ಕಸುಬು. ಅದರ ತತ್ತ್ವ ಅರ್ಥ ಮಾಡಿಕೊಳ್ಳಲು ನಮ್ಮ ಬಾವಿಯ ಏತ ಸಾಕು. ಏತದ ಮುಂದಿನ ತುದಿಯಲ್ಲಿ ಕೊಡ, ಹಿಂದಿನ ತುದಿಯಲ್ಲಿ ಕಲ್ಲುಗುಂಡು. ಎರಡೂ ಸರಿತೂಗಿದರೆ ಒಬ್ಬ ಮನುಷ್ಯ ಆರಾಮಾಗಿ ನೀರೆತ್ತುತ್ತಾನೆ. ಇಲ್ಲಿಯೂ ಅಷ್ಟೇ. ರಸ್ತೆಯ ಎರಡು ತುಂಡುಗಳು ನದಿ ನಡುವೆ ಮುಖಾಮುಖಿ ಸೇರುತ್ತವೆ. ಪ್ರತಿಯೊಂದರ ಹಿಂಬದಿಗೆ ಭಾರೀ ಎದುರುತೂಕ, ಕೊಡದ ಬದಲು ರಸ್ತೆ, ಗುಂಡಿನ ಬದಲು ನೂರಾರು ಟನ್ ಭಾರ. ಸಮತೂಕ ಆಗಿರುವುದರಿಂದ ಮೋಟರಿಗೆ ಜಡತೆ, ಗಾಳಿ, ಘರ್ಷಣೆ ಮೀರುವಷ್ಟು ಕೆಲಸ ಮಾತ್ರ. 216 ಅಡಿ ಉದ್ದದ ಈ ತೆರೆಯುವ ಭಾಗ ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ, ಅತಿ ಭಾರದ, ಅತಿ ಬೇಗ ತೆರೆಯುವ ಎತ್ತುಸೇತುವೆಗಳ ಸಾಲಿನಲ್ಲಿತ್ತು.

ಜಾಣತನ ಇರುವುದು ಯಂತ್ರವನ್ನು ಬಚ್ಚಿಟ್ಟ ರೀತಿಯಲ್ಲಿ. ಎದುರುತೂಕ, ಹಲ್ಲುಚಕ್ರ, ಮೋಟರು ಎಲ್ಲವೂ ಅಕ್ಕಪಕ್ಕದ ಎರಡು ದಪ್ಪ ಕಂಬಗಳ ಹೊಟ್ಟೆಯೊಳಗೆ. ಆ ಕಂಬಗಳು ದಪ್ಪವಾಗಿರಲು ಇನ್ನೊಂದು ಕಾರಣವೂ ಇದೆ, ಅದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಕಮಾನು ಭಾರವನ್ನು ಕೆಳಗೆ ಮಾತ್ರ ಇಳಿಸುವುದಿಲ್ಲ, ಪಕ್ಕಕ್ಕೂ ಒದೆಯುತ್ತದೆ. ಚಪ್ಪಟೆಯಾದಷ್ಟೂ ಒದೆತ ಜಾಸ್ತಿ. ಇಲ್ಲಿನ ಕಮಾನುಗಳು ಸಾಕಷ್ಟು ಚಪ್ಪಟೆ: ದಡದ ಬಳಿ 166 ಅಡಿ ಅಗಲಕ್ಕೆ 28 ಅಡಿ ಎತ್ತರ, ನಡುವಿನ ಕಡೆ ಬಂದಂತೆ 184 ಅಡಿಗೆ 35 ಅಡಿ. ಸಾಲಾಗಿ ನಿಂತ ಕಮಾನುಗಳಲ್ಲಿ ಒಂದರ ಒದೆತವನ್ನು ಪಕ್ಕದ್ದು ತಡೆಯುತ್ತದೆ, ಬಸ್ಸಿನಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತವರ ಹಾಗೆ. ಆದರೆ ನಡುವಿನ ಉಕ್ಕಿನ ಭಾಗ ಯಾರನ್ನೂ ಒದೆಯುವುದಿಲ್ಲ. ಆದ್ದರಿಂದ ಅದರ ಎರಡೂ ಪಕ್ಕದ ಕಂಬಗಳು ಒಂದೇ ಕಡೆಯಿಂದ ಬರುವ ಒದೆತವನ್ನು ತಾವೇ ತಡೆದುಕೊಳ್ಳಬೇಕು. ಸಾಲಿನ ಕೊನೆಯಲ್ಲಿ ನಿಂತವನು ಕಾಲು ಅಗಲಿಸಿ ನಿಲ್ಲುವ ಹಾಗೆ.

ಆಮೇಲೆ ಮುಖವಾಡ. ನಡುವಿನ ಭಾಗ ಮೇಲೇಳಬೇಕಾದರೆ ಅದು ಹಗುರ ಇರಬೇಕು, ಅದಕ್ಕೆ ಕಲ್ಲು ಹೊದಿಸಲು ಬರುವುದಿಲ್ಲ. ಹೀಗಾಗಿ ಲೋಹದ ತಗಡನ್ನು ಕಮಾನಿನ ಆಕಾರಕ್ಕೆ ಒತ್ತಿ, ಪಕ್ಕದ ಗ್ರಾನೈಟಿಗೆ ಹೊಂದುವ ಬಣ್ಣ ಬಳಿದರು. ಪಕ್ಕದ ಕಮಾನುಗಳ ಗೆರೆ ತಪ್ಪದ ಹಾಗೆ ಅಳೆದು ಮಾಡಿದ್ದಾರೆ, ಓಡುವ ಕಾರಿನಿಂದ ಗೊತ್ತೇ ಆಗುವುದಿಲ್ಲ. ಜಾಕ್ಸನ್ ಕನಸಿನ ಗ್ರಾನೈಟ್ ಕಮಾನು ನಡುವೆ ತುಂಡಾಗಬಾರದಲ್ಲ! ಉತ್ತರ ದಕ್ಷಿಣಗಳ ಕೂಡುವಿಕೆಯ ಗುರುತಿನಲ್ಲಿ ಎರಡೂ ಬದಿ ಬೇರೆಯಾಗಿ ಬಾಯಿ ಬಿಡುವ ಜಾಗ ಸರಿಯಾಗಿ ಮಧ್ಯದಲ್ಲೇ ಬಂದದ್ದನ್ನು ಮುಚ್ಚಿಡದೆ ಅವರಿಗೆ ಬೇರೆ ದಾರಿಯಿರಲಿಲ್ಲ.

ಸೇತುವೆಯ ಉದ್ದ 2,163 ಅಡಿ, ಅಗಲ 90 ಅಡಿ. ರಸ್ತೆಗೆ 60, ಎರಡೂ ಬದಿ ನಡೆಯುವವರಿಗೆ ತಲಾ 15. ಆ 15 ಅಡಿಯ ಕಾಲುದಾರಿ ನೀವೂ ಅನುಭವಿಸಿದ್ದೀರಿ. ಪಾದಚಾರಿಗೆ ಅಷ್ಟು ಜಾಗ ಬಿಡುವ ಸೇತುವೆಗಳು ಅಪರೂಪ. ಕಂಬಗಳ ಮೇಲೆ ಕಾರ್ಲ್ ಪಾಲ್ ಜೆನ್ನೆವೈನ್ ರೂಪಿಸಿದ ದುಂಡು ಫಲಕಗಳಿವೆ, ಅವುಗಳಲ್ಲಿ ಹದ್ದು ಮತ್ತು ಕೊಡಲಿ ಕಟ್ಟಿದ ಕಡ್ಡಿಗಳ ಕಟ್ಟು. ಕಮಾನುಗಳ ನೆತ್ತಿಯ ಕಲ್ಲಿನಲ್ಲಿ ಕಾಡೆಮ್ಮೆ ಬೈಸನ್‌ನ ತಲೆ. ರೋಮ್ ಮಾದರಿಯ ಸೇತುವೆಗೆ ಅಮೆರಿಕದ ಹುಲ್ಲುಗಾವಲಿನ ಪ್ರಾಣಿಯನ್ನು ತಂದು ಕೂರಿಸಿದ್ದು ನನಗೆ ಇಡೀ ಅಲಂಕಾರದಲ್ಲಿ ಅತಿ ಇಷ್ಟವಾದ ಸಂಗತಿ.

1932ರ ಜನವರಿ 16ರಂದು ಅಧ್ಯಕ್ಷ ಹೂವರ್ ಉದ್ಘಾಟಿಸಿದರು. ಆರ್ಥಿಕ ಕುಸಿತದ ಕಾಲ, ಎಲ್ಲವೂ ಮುಗಿದಿರಲಿಲ್ಲ. ಆಚೆ ಬದಿಯ ಕೊಲಂಬಿಯಾ ದ್ವೀಪದಲ್ಲಿ ಉತ್ತರಕ್ಕೊಂದು ದಕ್ಷಿಣಕ್ಕೊಂದು ಅಂತ ಎರಡು ಎತ್ತರದ ಸ್ತಂಭ ನಿಲ್ಲಿಸುವ ಯೋಜನೆ ಇತ್ತು. ಹತ್ತಿರದ ವಿಮಾನ ನಿಲ್ದಾಣಕ್ಕೆ ಅಪಾಯ ಅಂತ ತಕರಾರು ಬಂದು ಕೈಬಿಟ್ಟರು. ಲಿಂಕನ್ ಕಡೆಯ ತುದಿಯಲ್ಲಿ ನೀವು ಫೋಟೋ ತೆಗೆಸಿಕೊಂಡಿರಬಹುದಾದ ಆ ಚಿನ್ನದ ಬಣ್ಣದ ಕುದುರೆಗಳು ಬಂದದ್ದು ಸುಮಾರು 20 ವರ್ಷ ತಡವಾಗಿ. ಲಿಯೋ ಫ್ರೀಡ್‌ಲ್ಯಾಂಡರ್ ಅವರ 'ಶೌರ್ಯ' ಮತ್ತು 'ತ್ಯಾಗ' ಸೇತುವೆಯ ಬಾಯಲ್ಲಿ; ಪಕ್ಕದ ರಾಕ್ ಕ್ರೀಕ್ ರಸ್ತೆಯ ಬಾಯಲ್ಲಿ ಜೇಮ್ಸ್ ಅರ್ಲ್ ಫ್ರೇಸರ್ ಅವರ ಶಾಂತಿಯ ಕಲೆಗಳು. ದುಡ್ಡಿಲ್ಲದೆ, ಆಮೇಲೆ ಯುದ್ಧ ಬಂದು ನಿಂತುಹೋಗಿದ್ದ ಇವನ್ನು ಕಡೆಗೆ ಇಟಲಿ ಕಂಚಿನಲ್ಲಿ ಎರಕ ಹೊಯ್ದು, ಚಿನ್ನದ ಲೇಪ ಕೊಟ್ಟು ಉಡುಗೊರೆಯಾಗಿ ಕಳಿಸಿತು. 1951ರ ಸೆಪ್ಟೆಂಬರ್ 26ರ ಸಮಾರಂಭಕ್ಕೆ ಅಧ್ಯಕ್ಷ ಟ್ರೂಮನ್ ಜೊತೆ ಇಟಲಿಯ ಪ್ರಧಾನಿ ಡಿ ಗ್ಯಾಸ್ಪರಿ ಬಂದಿದ್ದರು. ಮೇಲೆ ಹೇಳಿದ ಕಡ್ಡಿಗಳ ಕಟ್ಟು ಪ್ರಾಚೀನ ರೋಮಿನ ಅಧಿಕಾರದ ಗುರುತು, ಅಮೆರಿಕದ ಸರ್ಕಾರಿ ಕಟ್ಟಡಗಳಲ್ಲಿ ಎಷ್ಟೋ ಕಡೆ ಇದೆ. ಮುಸೊಲಿನಿಯ ಪಕ್ಷ ಹೆಸರು ಪಡೆದದ್ದೂ ಅದರಿಂದಲೇ. ಮುಸೊಲಿನಿ ಹೋದ ಮೇಲಿನ ಇಟಲಿಯ ಪ್ರಧಾನಿ ಅದೇ ಸೇತುವೆಯ ಮುಂದೆ ನಿಂತು ಉಡುಗೊರೆ ಒಪ್ಪಿಸಿದರು.

ಎರಡು ರಸ್ತೆಗಳ ನಡುವೆ ನದಿಗಿಳಿಯುವ ಅಗಲವಾದ ಮೆಟ್ಟಿಲುಗಳಿವೆಯಲ್ಲ, ಅವು ದೋಣಿಯಲ್ಲಿ ಬರುವ ಗಣ್ಯರಿಗಾಗಿ ಯೋಚಿಸಿದ್ದು. ಗಣ್ಯರು ಕಾರಿನಲ್ಲೇ ಬಂದರು. ಮೆಟ್ಟಿಲು ಕೆಲಸಕ್ಕೆ ಬಂದದ್ದು ಸಂಗೀತಕ್ಕೆ: 1935ರಿಂದ 1965ರವರೆಗೆ ನೀರಿನ ಮೇಲೆ ಕಟ್ಟಿದ ಬಾರ್ಜ್ ಮೇಲೆ ವಾದ್ಯಗೋಷ್ಠಿ, ಮೆಟ್ಟಿಲ ಮೇಲೆ ಜನ. ಪಕ್ಕದ ನಿಲ್ದಾಣಕ್ಕೆ ಇಳಿಯುವ ಜೆಟ್ ವಿಮಾನಗಳ ಸದ್ದು ಶುರುವಾದ ಮೇಲೆ ಪಿಟೀಲು ಯಾರಿಗೂ ಕೇಳಿಸದಾಯಿತು.

ಸೇತುವೆ ತನ್ನ ಹೆಸರಿಗೆ ನಿಜವಾಗಿ ತಕ್ಕದ್ದಾಗಿ ಕಂಡದ್ದು 1963ರ ನವೆಂಬರ್ 25ರಂದು. ಹತ್ಯೆಗೀಡಾದ ಅಧ್ಯಕ್ಷ ಕೆನಡಿಯ ಶವಪೆಟ್ಟಿಗೆ ಹೊತ್ತ ಗಾಡಿಯನ್ನು ಕುದುರೆಗಳು ಎಳೆದುಕೊಂಡು ಹೋದದ್ದು ಈ ಸೇತುವೆಯ ಮೇಲೆಯೇ. ಆ ಮೆರವಣಿಗೆಯ ಚಿತ್ರಗಳನ್ನು ಮತ್ತೆ ನೋಡಿ. ಲಿಂಕನ್‌ನಿಂದ ಸ್ಮಶಾನದ ಕಡೆಗೆ ಹೊರಟ ಆ ಗೆರೆ ಯಾಕೆ ಬೇಕಿತ್ತು ಅನ್ನುವುದಕ್ಕೆ ಬೇರೆ ವಿವರಣೆ ಬೇಡ.

ಅಷ್ಟರಲ್ಲಿ ನಡುವಿನ ಬಾಯಿ ಮುಚ್ಚಿಹೋಗಿತ್ತು. ಜಾರ್ಜ್‌ಟೌನಿಗೆ ಹಡಗುಗಳು ಕಡಿಮೆಯಾದವು. ಮೇಲ್ಭಾಗದಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಸೇತುವೆಯನ್ನು ತೆರೆಯುವ ಭಾಗವೇ ಇಲ್ಲದೆ ಕಟ್ಟಲು ಹೊರಟರು. ಅದಾದ ಮೇಲೆ ಇದನ್ನು ತೆರೆದು ಹಡಗು ಎಲ್ಲಿಗೆ ಹೋಗಬೇಕು? ಕೊನೆಯ ಸಲ ಎತ್ತಿದ್ದು 1961ರ ಫೆಬ್ರುವರಿಯಲ್ಲಿ. ಸುಮ್ಮನೆ ಮಲಗಿದ ಯಂತ್ರದ ಉಕ್ಕಿಗೆ ಮೇಲಿನಿಂದ ನೀರು, ಚಳಿಗಾಲದಲ್ಲಿ ಹಿಮ ಕರಗಿಸಲು ಹಾಕುವ ಉಪ್ಪು. ಕಲ್ಲಿನ ಅಂಗಿ ಚೆನ್ನಾಗಿಯೇ ಇತ್ತು, ಒಳಗಿನ ಮೈ ತುಕ್ಕು ಹಿಡಿಯಿತು. 2015ರಲ್ಲಿ ತುರ್ತಾಗಿ ಲೇನ್ ಮುಚ್ಚಿ, ಭಾರದ ವಾಹನಗಳನ್ನು ತಡೆದರು. ದುರಸ್ತಿ ಆಗದಿದ್ದರೆ 2021ರ ಹೊತ್ತಿಗೆ ಪೂರ್ತಿ ಮುಚ್ಚಬೇಕಾಗುತ್ತದೆ ಅಂತ ರಾಷ್ಟ್ರೀಯ ಉದ್ಯಾನ ಇಲಾಖೆ ಎಚ್ಚರಿಸಿತು. ದಿನಕ್ಕೆ 68,000 ವಾಹನ ಓಡಾಡುತ್ತಿದ್ದ ಸೇತುವೆ. 2018ರಿಂದ 2020ರವರೆಗೆ 22.7 ಕೋಟಿ ಡಾಲರ್ ಖರ್ಚಿನಲ್ಲಿ, ಸಂಚಾರ ಪೂರ್ತಿ ನಿಲ್ಲಿಸದೆ, ಒಂದೊಂದು ಬದಿಯಾಗಿ ಕಟ್ಟಿದರು. ಸ್ಟ್ರಾಸ್‌ನ ಏತವನ್ನು ಕಿತ್ತು ಅಲುಗಾಡದ ಗರ್ಡರುಗಳನ್ನು ಕೂರಿಸಿದರು. ಕಲ್ಲಿನ ಕಟಾಂಜನವನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದರು.

ಮುಖವಾಡವನ್ನು ಮಾತ್ರ ಉಳಿಸಿಕೊಂಡರು. ಈಗ ಅದು ಮರೆಮಾಡಬೇಕಾದ ಯಂತ್ರವೇ ಇಲ್ಲ, ಆದರೂ ಅದಿಲ್ಲದೆ ಸೇತುವೆ ಸೇತುವೆಯಾಗಿ ಕಾಣುವುದಿಲ್ಲ. ನೀವು ನೋಡಿದ್ದು ಇದನ್ನೇ.

ಅಳಿಯನಿಗೆ ಇನ್ನೂ ನಂಬಿಕೆ ಬಾರದಿದ್ದರೆ ಮುಂದಿನ ಸಲ ಮಳೆ ನಿಂತ ಕೂಡಲೇ ನದಿ ದಂಡೆಯ ಕಾಲುದಾರಿಗೆ ಕರೆದುಕೊಂಡು ಹೋಗಿ. ಒದ್ದೆಯಾದ ಗ್ರಾನೈಟ್ ಒಂದು ಛಾಯೆ ಕಪ್ಪಾಗುತ್ತದೆ, ಕಲ್ಲಿನ ಸಂದುಗಳಲ್ಲಿ ನೀರು ಗೆರೆ ಗೆರೆಯಾಗಿ ನಿಲ್ಲುತ್ತದೆ. ಬಣ್ಣ ಬಳಿದ ಲೋಹ ಒದ್ದೆಯಾಗಿ ಹೊಳೆಯುತ್ತದೆ, ಬಣ್ಣ ಬದಲಿಸುವುದಿಲ್ಲ. ಬಿಸಿಲು ಬಂದು ಎಲ್ಲ ಒಣಗುವ ಮುಂಚೆ ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಐದನೆಯದನ್ನು ನೋಡಲು ಹೇಳಿ.